ಬಣ್ಣ ತೆಗೆಸಲು ಬಂದ ಸೀರೆಗಳು

"ಮೇಡಂ, ನಿಮ್ಮನೇಲಿ ಯಾರಾದ್ರೂ ಆಸ್ಪತ್ರೇಲಿದಾರಾ?"

ಸ್ಟಾಫ್ ರೂಮಿನಲ್ಲಿ ನಾನು ಕೂತ ಕೂಡಲೇ ಪಕ್ಕದ ಕುರ್ಚಿಯ ಗಣಿತದ ಮೇಷ್ಟ್ರು ಕೇಳಿದರು. ಮೂಗನ್ನು ಒಂಚೂರು ಆ ಕಡೆ ತಿರುಗಿಸಿಕೊಂಡೇ ಕೇಳಿದರು. ಇಲ್ಲವಲ್ಲ ಅಂದೆ. "ಮತ್ತೆ ವಾರ್ಡಿನ ವಾಸನೆ ಬರ್ತಿದೆ?" ಅಂದರು.

ಕೈ ಮೂಸಿ ನೋಡಿಕೊಂಡೆ. ನಿಜ. ಸೋಪು ಹಾಕಿ, ನಿಂಬೆಹಣ್ಣು ತಿಕ್ಕಿ, ಕೊನೆಗೆ ಕೊಬ್ಬರಿ ಎಣ್ಣೆಯನ್ನೂ ಸವರಿಕೊಂಡು ಬಂದಿದ್ದೆ. ಬ್ಲೀಚಿಂಗ್ ಪೌಡರ್ ವಾಸನೆ ಅಷ್ಟಕ್ಕೆಲ್ಲ ಬಗ್ಗುವ ಪೈಕಿ ಅಲ್ಲ.

"ಆಸ್ಪತ್ರೆ ಅಲ್ಲ ಸಾರ್, ಸೀರೆ," ಅಂದೆ. ಅವರಿಗೆ ಅರ್ಥವಾಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಇನ್ನೂ ಪೂರ್ತಿ ಅರ್ಥವಾಗಿಲ್ಲ. ಅದಕ್ಕೇ ಈ ವಾರದ ಅಂಕಣದಲ್ಲಿ ನಿಮ್ಮ ಮುಂದೆ ತಂದು ಹರವುತ್ತಿದ್ದೇನೆ. ನಿಮಗಾದರೂ ಅರ್ಥವಾದರೆ ಸಂತೋಷ.

ಮೊದಲಿನಿಂದ ಹೇಳ್ತೀನಿ.

ನಮ್ಮ ತೆಂಗಿನ ಸೀಮೆಯಲ್ಲಿ ಗಂಡಸರ ಬಿಳಿ ಅಂಗಿ ಬೆಳ್ಳಗಿರೋದು ಅಂಗಡಿಯಲ್ಲಿ ಮಡಿಸಿಟ್ಟಿರುವ ತನಕ ಮಾತ್ರ. ಮನೆಗೆ ಬಂದು ಒಂದು ಭಾನುವಾರ ಕಳೆಯಿತೋ, ಎದೆ ಮೇಲೋ ತೋಳಿನ ಮೇಲೋ ಕಂದು ಮಚ್ಚೆ ಗ್ಯಾರಂಟಿ. ಎಳನೀರು ಚೆಲ್ಲಿದಾಗ ಏನೂ ಕಾಣುವುದಿಲ್ಲ. ನೀರಿನ ಹಾಗೇ ಸಾಧುವಾಗಿರುತ್ತದೆ. ಒಗೆದು ಒಣಗಿಸಿದ ಮೇಲೆ ನೋಡಿ, ತುಕ್ಕು ಹಿಡಿದ ಹಾಗೆ ಎದ್ದು ಬರುತ್ತದೆ. ಹಸಿ ಕಾಯಿಯ ಸಿಪ್ಪೆಯ ರಸವೂ ಅಷ್ಟೇ. ಒಗೆಯುವ ಕಲ್ಲಿಗೆ ಎತ್ತಿ ಬಡಿದರೆ ಬಟ್ಟೆ ಹರಿಯುತ್ತದೆಯೇ ಹೊರತು ಕಲೆ ಜಗ್ಗುವುದಿಲ್ಲ. (ಬೆಂಗಳೂರಿನ ಮದುವೆಮನೆಯಲ್ಲಿ ತಿಪಟೂರಿನವರನ್ನು ಗುರುತು ಹಿಡಿಯೋಕೆ ಇದಕ್ಕಿಂತ ಬೇರೆ ಏನು ಬೇಕು?)

ನಮ್ಮ ಯಜಮಾನರಿಗೆ ವಾರವೆಲ್ಲ ತಿಪಟೂರಿನಲ್ಲಿ ಗುಮಾಸ್ತಗಿರಿ. ಭಾನುವಾರ ಬಂದರೆ ನೊಣವಿನಕೆರೆ ಬಸ್ಸು ಹತ್ತಿ ಊರಿಗೆ ಹೋಗಿ ತೋಟ ನೋಡಿಕೊಂಡು ಬರುವುದು. ಹೋಗುವಾಗ ಬಿಳಿ ಅಂಗಿ, ಬರುವಾಗ ಭೂಪಟ.

ಹೀಗಿರುವಾಗ ಒಂದು ಪತ್ರಿಕೆಯ ಮಹಿಳೆಯರ ಪುಟದಲ್ಲಿ ಓದಿದೆ. ಬ್ಲೀಚಿಂಗ್ ಪೌಡರನ್ನು ನೀರಿನಲ್ಲಿ ಕದಡಬೇಕಂತೆ. ತಿಳಿ ಬಿಟ್ಟು ಸೋಸಬೇಕಂತೆ. ಅದರಲ್ಲಿ ಹಳೆ ಬಟ್ಟೆ ಅದ್ದಿದರೆ ಕಲೆ ಹೋಗುತ್ತದಂತೆ. ಅಷ್ಟೇ ಅಲ್ಲ, ಮಾಸಿದ ಬಣ್ಣದ ಬಟ್ಟೆಗೆ ಅಲ್ಲಲ್ಲಿ ದಾರ ಬಿಗಿದು ಅದ್ದಿದರೆ ಹೊಸ ಡಿಸೈನೇ ಬರುತ್ತದಂತೆ. ಬ್ಲೀಚಿಂಗ್ ಪೌಡರ್ ಅಂದರೆ ಬಾವಿಗೆ ಹಾಕೋದು, ಚರಂಡಿಗೆ ಎರಚೋದು ಅಂತಷ್ಟೇ ತಿಳಿದುಕೊಂಡಿದ್ದ ನನಗೆ ಇದು ಹೊಸ ಸಮಾಚಾರ.

ಯಜಮಾನರ ಅಂಗಿಯನ್ನೇ ಮೊದಲು ಅದ್ದಿದೆ. ಏನು ಹೇಳಲಿ! ಎಷ್ಟೋ ಭಾನುವಾರಗಳ ಕಲೆ ಕಣ್ಣೆದುರೇ ಕರಗಿ ಹೋಯಿತು. ಧೈರ್ಯ ಬಂತು. ಹಳೆಯ ನೀಲಿ ಬೆಡ್‌ಶೀಟಿನಲ್ಲಿ ಹುಣಸೆಬೀಜ ಇಟ್ಟು ದಾರ ಕಟ್ಟಿ ಅದ್ದಿದೆ. ಬಿಚ್ಚಿದರೆ ದಾರ ಬಿಗಿದ ಕಡೆಯೆಲ್ಲ ನೀಲಿ ಬಳೆ, ಸುತ್ತ ಬೆಳ್ಳನೆ ಬಯಲು. ಮಂಚದ ಮೇಲೆ ಹಾಸಿ ಯಜಮಾನರನ್ನು ಕರೆದು ತೋರಿಸಿದೆ. ತುಂಬಾ ಹೊತ್ತು ನೋಡಿದರು.

"ನಕ್ಷತ್ರಾನಾ, ಸಿಡುಬಾ?" ಅಂದರು.

ಇರಲಿ. ಬೀದಿಯ ಹೆಂಗಸರಿಗಂತೂ ಇಷ್ಟವಾಯಿತು. ಒಬ್ಬರು ಕಿಟಕಿ ಪರದೆ ತಂದರು. ಒಬ್ಬರು ಮಗನ ಯೂನಿಫಾರಂ ಅಂಗಿ ತಂದರು. ನಾನು ಏಪ್ರನ್ ಥರ ಒಂದು ಗೋಣಿಚೀಲ ಸೊಂಟಕ್ಕೆ ಕಟ್ಟಿಕೊಂಡು ಹಿತ್ತಿಲಲ್ಲಿ ಡಾಕ್ಟರಂತೆ ಓಡಾಡಿದೆ. ಹಳೇದನ್ನು ಹೊಸದು ಮಾಡುವುದು ಅಂದರೆ ಎಂಥ ಖುಷಿ ಅಂತೀರಿ! ಅಲ್ಲಿಯವರೆಗೆ ನನಗೆ ಯಾವ ಗೊಂದಲವೂ ಇರಲಿಲ್ಲ.

ಗೊಂದಲ ಬಂದದ್ದು ನೊಣವಿನಕೆರೆಯ ಮೊದಲ ಬಸ್ಸಿನಲ್ಲಿ.

ಬಂದವರು ನಮ್ಮ ಅತ್ತೆ. ಮಾವ ಹೋದಾಗಿನಿಂದ ಅವರದು ಬಿಳಿ ಸೀರೆ. ಕಂಕುಳಲ್ಲಿ ಒಂದು ದೊಡ್ಡ ಗಂಟು. ಕಾಫಿ ಕುಡಿಯುವ ತನಕ ಅದರ ಸುದ್ದಿ ಎತ್ತಲಿಲ್ಲ. ಲೋಟ ಕೆಳಗಿಟ್ಟು ಹೇಳಿದರು:

"ನಿಮ್ಮೆಜಮಾನ್ರ ಅಂಗಿ ನೋಡ್ದೆ ಕಣವ್ವ. ಕಲೆ ಎಲ್ಲ ಹೋಗಿ ಕೊಕ್ಕರೆ ಆದಂಗಾಗೈತೆ. ಅದ್ರಾಗೆ ಬಣ್ಣಾನೂ ಹೋಗ್ತದಾ?"

"ಹೋಗುತ್ತೆ ಅತ್ತೆ. ಬಣ್ಣ ತೆಗೆಯೋದೇ ಅದರ ಕೆಲಸ," ಅಂದೆ ಜಂಬದಿಂದ.

"ಹಂಗಾದ್ರೆ ಇವನ್ನ ಬೆಳ್ಳಗೆ ಮಾಡ್ಕೊಡು."

ಗಂಟು ಬಿಚ್ಚಿದರು. ನುಸಿಗುಳಿಗೆಯ ವಾಸನೆ ಗಮ್ಮಂತ ಬಂತು. ಗಿಳಿಹಸಿರು ಕಾಟನ್ ಸೀರೆ. ಮರೂನ್ ಬಣ್ಣದ್ದೊಂದು. ನೀಲಿಯ ಮೇಲೆ ಬಿಳಿ, ಗುಲಾಬಿ ಹೂವು ಚೆಲ್ಲಿದ ಪಾಲಿಯೆಸ್ಟರ್ ಸೀರೆ. ಒಂದೂ ಹರಿದಿರಲಿಲ್ಲ, ಒಂದೂ ಮಾಸಿರಲಿಲ್ಲ. ಎಲ್ಲವೂ ನನ್ನ ನಾದಿನಿ ಗಿರಿಜಳವು.

ಗಿರಿಜ ಯಾರು ಅಂತ ಹೇಳಬೇಕು. ನಮ್ಮ ಯಜಮಾನರ ಒಬ್ಬಳೇ ತಂಗಿ. ದಂಡಿನಶಿವರಕ್ಕೆ ಕೊಟ್ಟಿದ್ದರು. ಗಂಡ ಸೈಕಲ್ ಶಾಪ್ ಇಟ್ಟಿದ್ದ. ನಗುನಗುತ್ತಾ ಇದ್ದ ಮನುಷ್ಯ. ಕಾಮಾಲೆ ಅಂತ ಮಲಗಿದವನು ಏಳಲಿಲ್ಲ. ಮಕ್ಕಳಿರಲಿಲ್ಲ. ಗಿರಿಜ ತನ್ನ ಟ್ರಂಕಿನ ಸಮೇತ ತವರಿಗೆ ಬಂದಳು. ಅದರಲ್ಲಿದ್ದ ಸೀರೆಗಳನ್ನು ಮತ್ತೆ ಉಡಲಿಲ್ಲ. ಎರಡು ವರ್ಷದಿಂದ ಬಿಳಿ ಸೀರೆ ಉಟ್ಟುಕೊಂಡು ಮನೆ, ಕೊಟ್ಟಿಗೆ, ತೋಟ ಅಂತ ಓಡಾಡಿಕೊಂಡಿದ್ದಾಳೆ. ಅವಳಿಗಿನ್ನೂ ಮೂವತ್ತು ತುಂಬಿಲ್ಲ.

ಈಗ ಅವಳಿಗೆ ಊರಿನ ಬಾಲವಾಡಿಯಲ್ಲಿ ಟೀಚರ್ ಕೆಲಸ ಸಿಕ್ಕಿದೆ. ಎಸ್ಸೆಸ್ಸೆಲ್ಸಿ ಓದಿದ್ದು ಸಾರ್ಥಕವಾಯಿತು ಅಂತ ನಾವೆಲ್ಲ ಕುಣಿದಾಡಿದ್ದೆವು. ಕೆಲಸ ಅಂದಮೇಲೆ ದಿನಾ ಹೊರಗೆ ಹೋಗಬೇಕು. ದಿನಾ ಹೊರಗೆ ಹೋಗಬೇಕು ಅಂದರೆ ನಾಲ್ಕು ಒಳ್ಳೆ ಸೀರೆ ಬೇಕು.

"ಪೆಟ್ಟಿಗೇಲಿ ಒಳ್ಳೊಳ್ಳೆ ಸೀರೆ ಕೊಳೀತಾ ಅವೆ," ಅಂದರು ಅತ್ತೆ. "ಬೆಳ್ಳಗಾದ್ರೆ ಉಟ್ಕಂಡು ಹೋಗ್ತಾಳೆ. ಹಾಳ್ ಮಾಡಾದ್ಯಾಕೆ? ಇನ್ನೇನು ಕೌದಿ ಹೊಲಿಯಾದಾ?"

ನಾನು ಬಿಚ್ಚಿದ ಗಂಟನ್ನು ಮತ್ತೆ ಕಟ್ಟಿದೆ.

ನಮ್ಮ ಅತ್ತೆಯನ್ನು ನೀವು ತಪ್ಪು ತಿಳಿಯಬಾರದು. ಕಥೆಗಳಲ್ಲಿ ಬರುವ ಅತ್ತೆಯಲ್ಲ ಅವರು. ಮಗಳು ಕೆಲಸಕ್ಕೆ ಹೋಗಲಿ ಅಂತ ಊರಿನ ಹಿರಿಯರ ಮುಂದೆ ಮೊದಲು ಬಾಯಿಬಿಟ್ಟವರೇ ಅವರು. ಮಗಳು ಮನೆಯಲ್ಲೇ ಕೂತು ಕೊರಗಬಾರದು ಅಂತ ಅವರ ಆಸೆ. ಆದರೆ ಹೊರಗೆ ಹೋದಾಗ ಯಾರೂ ಒಂದು ಮಾತು ಆಡಬಾರದು ಅಂತ ಅವರ ಭಯ. ಆಸೆ, ಭಯ ಎರಡಕ್ಕೂ ಒಂದೇ ಬಕೆಟ್ಟಿನಲ್ಲಿ ಪರಿಹಾರ ಸಿಕ್ಕಿತು ಅಂತ ಅವರು ಬಸ್ಸು ಹತ್ತಿ ಬಂದಿದ್ದರು.

"ನೋಡ್ತೀನಿ ಅತ್ತೆ," ಅಂದೆ. ಅವರು ಸಮಾಧಾನವಾಗಿ ಊರಿಗೆ ಹೋದರು. ಗಂಟು ನಮ್ಮ ಮನೆಯಲ್ಲಿ ಉಳಿಯಿತು.

ಸಂಜೆ ಯಜಮಾನರು ಬಂದಾಗ ಕೇಳಿದೆ. "ರೀ, ಗಿರಿಜನ ಸೀರೆ ಎಲ್ಲಾ ಬೆಳ್ಳಗೆ ಮಾಡಿಕೊಡು ಅಂತಾರೆ ನಿಮ್ಮವ್ವ."

"ಮಾಡು ಮತ್ತೆ," ಅಂದರು.

ಒಂದು ಶೂ ಬಿಚ್ಚಿದರು. "ಬೇಡ ಕಣೆ," ಅಂದರು.

ಇನ್ನೊಂದು ಶೂ ಬಿಚ್ಚಿ, "ಅವ್ವ ಬೇಜಾರು ಮಾಡ್ಕಂತಾಳೆ," ಅಂದರು.

"ಹಂಗಾದ್ರೆ ಮಾಡ್ಲಾ?"

"ಗಿರಿಜನ್ನ ಕೇಳು."

"ಅವಳು ಮಾಡು ಅಂದ್ರೆ ಮಾಡ್ಲಾ?"

"ನಂಗೇನೇ ಗೊತ್ತು? ನಾನು ಗುಮಾಸ್ತ," ಅಂದು ಟ್ರಾನ್ಸಿಸ್ಟರ್ ಹಚ್ಚಿಕೊಂಡು ಕೂತರು.

ನನಗೂ ಬಗೆಹರಿಯಲಿಲ್ಲ. ಯೋಚನೆ ಮಾಡಿದಷ್ಟೂ ತಲೆ ಕೆಟ್ಟಿತು. ಒಂದೇ ಬಕೆಟ್ಟು, ಒಂದೇ ಪೌಡರು. ಇವರ ಅಂಗಿ ಬೆಳ್ಳಗಾದರೆ ಬೀದಿಯವರೆಲ್ಲ "ಹೊಸದಾ?" ಅಂತಾರೆ. ಗಿರಿಜಳ ಸೀರೆ ಬೆಳ್ಳಗಾದರೆ ಅದನ್ನು ಏನಂತ ಕರೆಯೋದು? ಕಲೆ ತೆಗೆಯೋದು ಅಂದರೆ ಗೊತ್ತು. ಈ ಸೀರೆಯಲ್ಲಿ ಕಲೆ ಯಾವುದು? ಪತ್ರಿಕೆಯ ಪುಟವನ್ನು ಇನ್ನೊಂದು ಸಲ ತೆಗೆದು ನೋಡಿದೆ. (ಅದರಲ್ಲಿ ಇದಕ್ಕೆ ಉತ್ತರ ಇರುತ್ತೆ ಅಂತ ಯಾಕೆ ಅಂದುಕೊಂಡೆನೋ!)

ಮಾಡುವುದಿಲ್ಲ ಅಂತ ವಾಪಸ್ಸು ಕಳಿಸಬಹುದಿತ್ತು. ಕಳಿಸಿದರೆ ಆ ಸೀರೆಗಳು ಕೌದಿಯಾಗುತ್ತವೆ. ಮಾಡಿಕೊಟ್ಟರೆ ಅವು ಸೀರೆಗಳಾಗೇ ಉಳಿಯುತ್ತವೆ, ಬಣ್ಣ ಉಳಿಯುವುದಿಲ್ಲ. ಯಾವುದು ವಾಸಿ? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಭಾನುವಾರ ಅತ್ತೆ ಮತ್ತೆ ಬಂದರು. ಈ ಸಲ ಜೊತೆಯಲ್ಲಿ ಗಿರಿಜಳೂ ಇದ್ದಳು. ಅವಳೇ ಎದುರಿಗೆ ಸಿಕ್ಕಳಲ್ಲ ಅಂತ ನನಗೆ ಎಷ್ಟೋ ಹಗುರವಾಯಿತು. ಅತ್ತೆ ಹಿತ್ತಿಲಲ್ಲಿ ಮಣೆ ಹಾಕಿಕೊಂಡು ಅವರೆಕಾಯಿ ಸುಲಿಯುತ್ತಾ ಕೂತರು. ನಾನು ಗಿರಿಜಳನ್ನು ಅಡುಗೆಮನೆಗೆ ಕರೆದೆ.

"ನಿಜ ಹೇಳು ಗಿರಿಜ. ನಿಂಗೇನು ಬೇಕು? ನಿಂಗೆ ಬೇಡ ಅಂದ್ರೆ ಪೌಡರ್ ಮುಗಿದುಹೋಗಿದೆ ಅಂತ ಹೇಳಿಬಿಡ್ತೀನಿ."

ಅವಳು ಒಲೆಯ ಕಡೆ ನೋಡುತ್ತಾ ನಿಂತಳು. ಅಳುತ್ತಾಳೇನೋ ಅಂದುಕೊಂಡೆ. ಅಳಲಿಲ್ಲ.

"ಏನು ಬೇಕೋ ನಂಗೇ ತಿಳೀತಾ ಇಲ್ಲ ಅತ್ತಿಗೆ," ಅಂದಳು. "ಬಿಳೀದು ಉಟ್ಕಂಡು ಕನ್ನಡಿ ನೋಡ್ಕಂಡ್ರೆ ನಮ್ಮವ್ವ ನಿಂತಂಗೆ ಕಾಣ್ತದೆ. ನಾನು ಕಾಣಲ್ಲ. ಸರಿ, ಬಣ್ಣದ್ದೇ ಉಡಾನ ಅಂತ ಪೆಟ್ಟಿಗೆ ತಗುದ್ರೆ ಅವರು ನೆಪ್ಪಾಗ್ತಾರೆ. ಅವರಿಲ್ದೆ ನಾನೊಬ್ಳೇ ಸಿಂಗಾರ ಮಾಡ್ಕಂಡು ಹೊಂಟಂಗೆ ಆಗ್ತದೆ. ಎರಡೂ ತಪ್ಪು ಅನ್ನುಸ್ತದೆ."

ನಾನು ಏನೋ ಹೇಳಲು ಬಾಯಿ ತೆರೆದೆ. ಸ್ಕೂಲಿನಲ್ಲಿ ಮಕ್ಕಳಿಗೆ ದಿನಾ ಒಂದಲ್ಲ ಒಂದು ನೀತಿ ಹೇಳುತ್ತೇನಲ್ಲ, ಆ ಅಭ್ಯಾಸ. ಗಿರಿಜ ಅದಕ್ಕೆ ಕಾಯಲಿಲ್ಲ.

"ನಡೀರಿ ಅತ್ತಿಗೆ," ಅಂತ ಅವಳೇ ಅಂದಳು. "ಒಂದು ಅದ್ದಾನ. ನೋಡಾನ, ಏನಾಗ್ತದೆ ಅಂತ."

ಮೊದಲು ಗಿಳಿಹಸಿರು. ಅವಳೇ ಆರಿಸಿ ಕೊಟ್ಟಳು. ಬಕೆಟ್ಟಿನ ತಿಳಿನೀರಿಗೆ ಇಳಿಸಿ, ಕೋಲಿನಿಂದ ತಿರುವಿದೆ. ಗಿರಿಜ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಸೆರಗಿನಿಂದ ಮೂಗು ಮುಚ್ಚಿಕೊಂಡು ನೋಡುತ್ತಿದ್ದಳು. ಹಸಿರು ಮಂಕಾಯಿತು. ಇನ್ನೂ ಮಂಕಾಯಿತು. ಆಮೇಲೆ ಅದು ಬಿಳಿ ಕಡೆಗೆ ಹೋಗುವುದನ್ನು ಬಿಟ್ಟು ಬೇರೆ ಯಾವುದೋ ದಾರಿ ಹಿಡಿಯಿತು. ಎತ್ತಿ ಜಾಲಿಸಿ ಹಗ್ಗದ ಮೇಲೆ ಹರವಿದರೆ, ಫಳಫಳ ಹಳದಿ!

ಅತ್ತೆಯ ಮಡಿಲಿನಿಂದ ಅವರೆಕಾಯಿ ಉರುಳಿತು.

"ಅಯ್ಯೋ ಶಿವನೇ, ಇದೇನವ್ವಾ ಮಾಡ್ದೆ! ಅರಿಶಿನದ ಸೀರೆ ಆಗೋಯ್ತಲ್ಲ! ಮದುವಣಗಿತ್ತಿ ಸೀರೆ ಇದ್ದಂಗೈತೆ! ಇದ್ಕಿಂತ ಹಸಿರೇ ವಾಸಿಯಾಗಿತ್ತು!"

ನನಗೆ ನಗು ಬಂತು, ಭಯವೂ ಆಯಿತು. (ಹಸಿರು ಅಂದರೆ ನೀಲಿ, ಹಳದಿ ಸೇರಿದ್ದು, ನೀಲಿ ಮೊದಲು ಹೋಗಿದೆ ಅಷ್ಟೇ ಅಂತ ನಮ್ಮ ಸೈನ್ಸ್ ಮೇಷ್ಟ್ರು ಆಮೇಲೆ ವಿವರಿಸಿದರು. ಆಮೇಲೆ ವಿವರಿಸಿ ಏನು ಪ್ರಯೋಜನ?) ಬಣ್ಣ ಬೇಡ ಅಂತ ಅದ್ದಿದ ಸೀರೆ, ಯಾವ ಬಣ್ಣ ಬರಲೇಬಾರದಿತ್ತೋ ಅದೇ ಬಣ್ಣವಾಗಿ ಹಗ್ಗದ ಮೇಲೆ ಗಾಳಿಗೆ ಹಾರಾಡುತ್ತಿತ್ತು.

"ಇನ್ನೊಂಚೂರು ಪುಡಿ ಹಾಕಿ ಮತ್ತೆ ಮುಳುಗ್ಸು," ಅಂದರು ಅತ್ತೆ.

ಹಾಕಿದೆ. ಮುಳುಗಿಸಿದೆ. ಹಳದಿ ಬೆಣ್ಣೆಯ ಬಣ್ಣಕ್ಕೆ ಇಳಿಯಿತು. ಇನ್ನೇನು ಬಿಳಿಯಾಗುತ್ತದೆ ಅಂತ ಆಸೆಯಿಂದ ಎತ್ತಿ ಹಿಂಡಿದೆ. ಪರ್‍ ಅಂತ ಸದ್ದು. ನೆನೆದ ಹಪ್ಪಳದ ಹಾಗೆ ಬಟ್ಟೆ ನನ್ನ ಕೈಯಲ್ಲೇ ಬಿಟ್ಟುಕೊಂಡಿತು. ಮೂವರೂ ಆ ಹರಿದ ಕಡೆಯನ್ನೇ ನೋಡುತ್ತಾ ನಿಂತೆವು. ಯಾರೂ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಿಲ್ಲಿಸೋಣ ಅಂದೆ. ಅತ್ತೆ ಒಪ್ಪಲಿಲ್ಲ. ಒಂದು ಕೆಟ್ಟರೆ ಎಲ್ಲವೂ ಕೆಡುತ್ತವಾ ಅಂತ ಅವರ ವಾದ. ಮರೂನ್ ಸೀರೆ ಇಳಿಸಿದೆವು. ಈ ಸಲ ಪುಡಿ ಕಮ್ಮಿ ಹಾಕಿದೆ. ಅದು ಇನ್ನೊಂದು ಥರ ಆಟ ಆಡಿತು. ಕೆಂಪೂ ಅಲ್ಲ, ಗುಲಾಬಿಯೂ ಅಲ್ಲ, ಬಿಳಿಯಂತೂ ಅಲ್ಲವೇ ಅಲ್ಲ. ಎಳೆ ಮಾವಿನ ಚಿಗುರನ್ನು ಬಿಸಿಲಿಗೆ ಹಿಡಿದರೆ ಕಾಣುತ್ತದಲ್ಲ, ಹಾಗೆ ಏನೋ ಒಂದು. ಅತ್ತೆ ಹತ್ತಿರ ಹೋಗಿ, ದೂರ ಬಂದು, ಸೆರಗು ಹಿಡಿದು ಬೆಳಕಿಗೆ ಎತ್ತಿ ನೋಡಿದರು.

"ಇದು ಯಾವ ಬಣ್ಣವ್ವಾ?"

"ಗೊತ್ತಿಲ್ಲ ಅತ್ತೆ."

"ಬಣ್ಣದ್ದು ಅನ್ನಾನಾ, ಬಿಳೀದು ಅನ್ನಾನಾ?"

"ಅದೂ ಗೊತ್ತಿಲ್ಲ ಅತ್ತೆ."

"ಓದಿದೋಳು ನೀನು. ನಿಂಗೇ ಗೊತ್ತಿಲ್ಲ ಅಂದ್ರೆ?" ಅಂದರು. ನಾನೇನು ಹೇಳಲಿ? ಕನ್ನಡ ಪಂಡಿತೆ ಅಂತ ಹೆಸರಿಗೆ. ಆ ಬಣ್ಣಕ್ಕೆ ನನ್ನ ಬಾಯಲ್ಲಿ ಒಂದು ಕನ್ನಡ ಪದ ಹುಟ್ಟಲಿಲ್ಲ.

ಉಳಿದದ್ದು ಪಾಲಿಯೆಸ್ಟರ್. ಹೂವಿನ ಸೀರೆ. ಅದನ್ನು ಬಕೆಟ್ಟಿಗೆ ಹಾಕುವಾಗ ಗಿರಿಜ ಎದ್ದು ನಿಂತಳು. ಬೇಡ ಅನ್ನುತ್ತಾಳೇನೋ ಅಂತ ನಾನು ಕೈ ತಡೆದೆ. ಅನ್ನಲಿಲ್ಲ. ಹಾಕಿದೆ. ಕೋಲಾಡಿಸಿದೆ. ಕಾದೆವು.

ಏನೂ ಆಗಲಿಲ್ಲ.

ಎತ್ತಿ ನೋಡಿದೆ. ನೀಲಿ ನೀಲಿಯಾಗೇ ಇತ್ತು. ಹೂವು ಹೂವಾಗೇ ಇತ್ತು. ಮತ್ತೆ ಮುಳುಗಿಸಿದೆ. ಪುಡಿ ಸೇರಿಸಿದೆ. ಅತ್ತೆ ಬಂದು ತಾವೇ ಕೋಲು ಹಿಡಿದು ತಿರುವಿದರು. ಮಧ್ಯಾಹ್ನದ ಊಟ ಮುಗಿಸಿ ಬಂದು ನೋಡಿದರೂ ಒಂದು ಎಸಳು ಮಾಸಿರಲಿಲ್ಲ. ತೊಳೆದದ್ದಕ್ಕೋ ಏನೋ ಇನ್ನೂ ಸ್ವಲ್ಪ ಹೊಳಪೇ ಬಂದ ಹಾಗಿತ್ತು.

ಆಗ ಗಿರಿಜ ನಕ್ಕಳು.

ಸಣ್ಣಗೆ ಶುರುವಾದ ನಗು. ತಡೆದುಕೊಳ್ಳಲು ಹೋದಳು, ಆಗಲಿಲ್ಲ. ಒಗೆಯುವ ಕಲ್ಲಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ನಗುವುದನ್ನು ನಾನು ಕೇಳಿ ಎರಡು ವರ್ಷವಾಗಿತ್ತು. ಅವಳ ನಗು ಹೇಗಿರುತ್ತದೆ ಅನ್ನುವುದೇ ಮರೆತಿತ್ತು.

"ಅವರು ತುಮಕೂರಿಂದ ತಂದಿದ್ದು ಅತ್ತಿಗೆ," ಅಂದಳು ಕಣ್ಣು ಒರೆಸಿಕೊಳ್ಳುತ್ತಾ. "ನಂಗೆ ಈ ದೊಡ್ಡ ಹೂವು ಸೇರ್ನೇ ಇಲ್ಲ. ಬದಲಾಯಿಸ್ಕಂಡು ಬನ್ನಿ ಅಂತ ಎಷ್ಟು ಜಗಳ ಆಡಿದ್ದೆ ಗೊತ್ತಾ? ಆಗಲ್ಲ ಅಂದ್ರೆ ಆಗಲ್ಲ ಅಂದ್ರು. ಅವರಂಗೇ ಐತೆ ನೋಡಿ ಇದು. ಏನ್ ಮಾಡಿದ್ರೂ ಜಗ್ಗಲ್ಲ."

ಅತ್ತೆ ನಗಲಿಲ್ಲ. ಕೋಲು ಹಿಡಿದುಕೊಂಡೇ ಮಗಳ ಮುಖವನ್ನು ನೋಡುತ್ತಾ ನಿಂತಿದ್ದರು. ಆಮೇಲೆ ನನಗೆ ಅಂದರು: "ಇನ್ನೊಂದಪ ಅದ್ದು."

"ಬುಡವ್ವ, ಸಾಕು," ಅಂದಳು ಗಿರಿಜ. "ಇದು ಹೋಗಾಕಿಲ್ಲ."

"ಹೋಗ್ದಿದ್ರೆ ಉಡಾದೆಂಗೆ?"

"ಹೋಗ್ನಿಲ್ಲ ಅಂತಾನೇ ಉಟ್ಕತೀನಿ."

"ನೋಡ್ದೋರು ಏನಂದಾರು?"

"ಏನಾರ ಅನ್ಲಿ. ತಗೀಬೇಕು ಅಂತ ನೋಡಿದ್ವಿ, ಹೋಗ್ನಿಲ್ಲ ಅಂತ ಹೇಳು. ಸುಳ್ಳಾ ಅದು?"

ಅತ್ತೆ ಕೋಲು ಕೆಳಗಿಟ್ಟರು. ಗಿರಿಜ ಬಕೆಟ್ಟಿಗೆ ಕೈಹಾಕಿ ಸೀರೆಯನ್ನು ಎಳೆದುಕೊಂಡಳು. ನಲ್ಲಿಯ ಕೆಳಗೆ ಹಿಡಿದು ಜಾಲಿಸಿದಳು, ಮತ್ತೆ ಜಾಲಿಸಿದಳು, ಆ ವಾಸನೆ ಹೋಗುವ ತನಕ ಜಾಲಿಸಿದಳು. ಹಗ್ಗದ ಮೇಲೆ ತಾನೇ ಹರವಿದಳು. ಸಂಜೆಯ ಬಸ್ಸಿಗೆ ತಾಯಿ ಮಗಳು ಹೊರಟರು. ಬಸ್ ಸ್ಟ್ಯಾಂಡಿನಲ್ಲಿ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತರು. ಗಂಟು ಗಿರಿಜಳ ತೊಡೆಯ ಮೇಲಿತ್ತು.

ಆ ವಾರವೆಲ್ಲ ನನಗೆ ನೆಮ್ಮದಿಯಿಲ್ಲ. ನಾನು ಮಾಡಿದ್ದು ಸರಿಯಾ? ಏನು ಮಾಡಿದೆ ಅಂತಲಾದರೂ ಗೊತ್ತಾ? ಅತ್ತೆ ಹೇಳಿದ ಕೆಲಸ ಮಾಡಲಿಲ್ಲ ಅನ್ನುವ ಹಾಗಿಲ್ಲ, ಮಾಡಿದೆ. ಮಾಡಿದೆ ಅನ್ನುವ ಹಾಗೂ ಇಲ್ಲ, ಆಗಲಿಲ್ಲ. ಕೈ ಮಾತ್ರ ನಾರುತ್ತಿತ್ತು. ಗಣಿತದ ಮೇಷ್ಟ್ರು ಕುರ್ಚಿಯನ್ನು ಕಿಟಕಿಯ ಹತ್ತಿರ ಹಾಕಿಕೊಂಡರು.

ಮುಂದಿನ ಭಾನುವಾರ ಯಜಮಾನರು ಊರಿನಿಂದ ಸುದ್ದಿ ತಂದರು.

ಗಿರಿಜ ಬಾಲವಾಡಿಯ ಮೊದಲ ದಿನ ಹೂವಿನ ಸೀರೆಯನ್ನೇ ಉಟ್ಟುಕೊಂಡು ಹೋದಳಂತೆ. ಮನೆಯಿಂದ ಬಾಲವಾಡಿಗೆ ಇರುವುದು ಒಂದೇ ಬೀದಿ. ಆ ಬೀದಿಯ ಉದ್ದಕ್ಕೂ ಜಗಲಿಗಳಿವೆ, ಜಗಲಿಗಳ ತುಂಬ ಕಣ್ಣುಗಳಿವೆ. ಒಬ್ಬ ಹೆಂಗಸು ಅವಳಿಗೆ ಕೇಳುವ ಹಾಗೇ ಅಂದಳಂತೆ, "ಗಂಡ ಹೋದೋಳು ಹೂವು ಹೊದ್ಕಂಡು ಹೊಂಟವ್ಳೆ ನೋಡು" ಅಂತ. ಗಿರಿಜ ನಿಲ್ಲಲಿಲ್ಲವಂತೆ. ಹೋದವಳು ಬಾಲವಾಡಿಯ ಬಾಗಿಲು ತೆಗೆದು, ಕಸ ಗುಡಿಸಿ, ಗೋಡೆಗೆ ಮುಖ ಮಾಡಿಕೊಂಡು ಸ್ವಲ್ಪ ಹೊತ್ತು ನಿಂತಿದ್ದಳಂತೆ. ಇದನ್ನು ನೋಡಿದ್ದು ನಮ್ಮ ಅತ್ತೆ. ಮಗಳ ಹಿಂದೆಯೇ, ಯಾರಿಗೂ ಕಾಣದ ಹಾಗೆ, ತೋಟದ ದಾರಿಯಿಂದ ಹೋಗಿ ಬೇಲಿಯ ಹಿಂದೆ ನಿಂತಿದ್ದರಂತೆ.

ಆ ದಿನ ಒಂದಿಬ್ಬರು ತಾಯಂದಿರು ಮಕ್ಕಳನ್ನು ಕಳಿಸಲಿಲ್ಲ. ಉಳಿದ ಮಕ್ಕಳು ಬಂದವು. ಬಂದವೇ ಸೀರೆಯ ಹೂವುಗಳ ಮೇಲೆ ಬೆರಳಿಟ್ಟು ಒಂದು, ಎರಡು ಅಂತ ಎಣಿಸಲು ಶುರುಮಾಡಿದವಂತೆ. ಪಾಠ ಅಲ್ಲಿಂದಲೇ ಶುರುವಾಯಿತು. ವಾರ ಕಳೆಯುವುದರೊಳಗೆ ಆ ಒಂದಿಬ್ಬರೂ ಮಕ್ಕಳನ್ನು ಕಳಿಸಿದರು. ಮನೆಯಲ್ಲಿ ಮಕ್ಕಳ ಕಾಟ ತಡೆಯಲಾರದೆ ಕಳಿಸಿದರೋ, ಮನಸ್ಸು ಬದಲಾಯಿತೋ, ನಮಗೆ ಗೊತ್ತಿಲ್ಲ. ಹರಿದ ಹಳದಿ ಸೀರೆ ತುಂಡುತುಂಡಾಗಿ ಮಕ್ಕಳ ಮೂಗು ಒರೆಸುವ ಬಟ್ಟೆಯಾಗಿದೆಯಂತೆ. ಹೆಸರಿಲ್ಲದ ಬಣ್ಣದ ಆ ಇನ್ನೊಂದು ಸೀರೆಯನ್ನು ಉಟ್ಟ ದಿನ ಯಾವ ಅಂಗಡಿಯದು ಅಂತ ಇಬ್ಬರು ಕೇಳಿದರಂತೆ.

"ಅವ್ವ ಏನಂದ್ಲು ಗೊತ್ತಾ?" ಅಂದರು ಯಜಮಾನರು. ಬಾವಿಕಟ್ಟೆಯಲ್ಲಿ ಅದೇ ಹೆಂಗಸು ಅತ್ತೆಯನ್ನು ನೇರವಾಗಿ ಕೇಳಿದಳಂತೆ, ಇದೇನಮ್ಮ ನಿನ್ನ ಮಗಳ ವೇಷ ಅಂತ. ಅತ್ತೆ ಕೊಡ ಕೆಳಗಿಟ್ಟು ಹೇಳಿದರಂತೆ:

"ಬಣ್ಣ ತಗಿಸ್ಬೇಕು ಅಂತ ನಾನೇ ಬಸ್ಸತ್ತಿ ತಿಪಟೂರಿಗೆ ಹೋಗಿ ಔಷಧಿಗೆ ಅದ್ದಿಸ್ದೆ ಕಣವ್ವ. ಹೋಗ್ನಿಲ್ಲ. ಹೋಗ್ದಿರಾ ಬಣ್ಣಕ್ಕೆ ನಾನೇನ್ಮಾಡ್ಲಿ? ಬೇಕಾರೆ ನೀನೇ ತಗೊಂಡೋಗಿ ತಿಕ್ಕಿ ನೋಡು."

ಆ ಹೆಂಗಸು ಬಾಯಿ ಮುಚ್ಚಿಕೊಂಡು ನೀರು ಸೇದಿದಳಂತೆ. ಹೇಳುತ್ತಾ ಹೇಳುತ್ತಾ ಯಜಮಾನರ ಮುಖದಲ್ಲೂ ನನ್ನದೇ ಗೊಂದಲ. "ಅವ್ವ ಬೇಜಾರಲ್ಲಿ ಹೇಳಿದ್ಲೋ, ಜಂಬದಲ್ಲಿ ಹೇಳಿದ್ಲೋ, ಗೊತ್ತೇ ಆಗ್ಲಿಲ್ಲ ಕಣೆ," ಅಂದರು.

ನಾನೂ ಅದನ್ನೇ ಯೋಚಿಸುತ್ತಿದ್ದೇನೆ. ನಮ್ಮ ಜನ ಎಂಥವರು ನೋಡಿ. ಉಡುತ್ತೇನೆ ಅಂತ ಉಟ್ಟರೆ ತಪ್ಪು. ತೆಗೆಯಲು ನೋಡಿದೆ, ಹೋಗಲಿಲ್ಲ, ವಿಧಿಯಿಲ್ಲದೆ ಉಟ್ಟೆ ಅಂದರೆ, ಪಾಪ ಏನು ಮಾಡುತ್ತಾಳೆ ಅಂತಾರೆ. ಸೀರೆ ಅದೇ, ಹೂವು ಅದೇ, ಉಟ್ಟವಳೂ ಅವಳೇ. ಹಾಗಾದರೆ ಇಷ್ಟು ದಿನ ನಾವು ನೋಡುತ್ತಿದ್ದುದು ಸೀರೆಯನ್ನೋ, ಅಥವಾ ಅವಳಿಗೆ ಅದರಲ್ಲಿ ಖುಷಿ ಇದೆಯೋ ಇಲ್ಲವೋ ಅನ್ನುವುದನ್ನೋ? ಒಂದು ಹೆಣ್ಣು ತನಗಿಷ್ಟವಾದದ್ದನ್ನು ಉಡಲು ಒಂದು ಬಕೆಟ್ ಔಷಧಿಯ ಸಾಕ್ಷಿ ಬೇಕಾ? ಇದನ್ನು ಸಿಟ್ಟಿನಿಂದ ಕೇಳಬೇಕು ಅಂತ ಹೊರಟೆ. ಆದರೆ ಅದೇ ಬಕೆಟ್ಟಿನಿಂದಲೇ ಗಿರಿಜಳ ನಗು ವಾಪಸ್ಸು ಬಂತಲ್ಲ, ಸಿಟ್ಟು ಯಾರ ಮೇಲೆ ಮಾಡಿಕೊಳ್ಳಲಿ?

ಇಷ್ಟಕ್ಕೇ ಮುಗಿದಿದ್ದರೆ ಹೇಗೋ ಸುಧಾರಿಸಿಕೊಳ್ಳುತ್ತಿದ್ದೆ.

ಮೊನ್ನೆ ಬೆಳಿಗ್ಗೆ ಅತ್ತೆ ಮತ್ತೆ ಬಂದರು. ಒಬ್ಬರೇ. ಒಳಗೆ ಬಂದು ಕೂರಲಿಲ್ಲ. ಕಾಫಿ ಬೇಡ ಅಂದರು. ಟವೆಲ್ಲಿನಲ್ಲಿ ಸುತ್ತಿದ ಸಣ್ಣ ಗಂಟನ್ನು ನನ್ನ ಕೈಗಿಟ್ಟರು. ಬಿಚ್ಚಿದೆ. ಕೆಂಪು ಚೌಕಳಿ ಸೀರೆ. ಕೈಮಗ್ಗದ್ದು, ದಪ್ಪ ನೂಲಿನದು, ಮಡಿಕೆ ಬಿಡಿಸಿದರೆ ಎಲ್ಲಿ ಹರಿಯುತ್ತೋ ಅನ್ನುವಷ್ಟು ಹಳೆಯದು. ಗಿರಿಜಳದಲ್ಲ. ಗಿರಿಜ ಹುಟ್ಟುವುದಕ್ಕೂ ಮುಂಚಿನದು. ಕೆಂಪು ಮಾತ್ರ ನಿನ್ನೆ ಹಚ್ಚಿದ ಹಾಗಿತ್ತು.

"ಇದು ನಿಮ್ಮದಾ ಅತ್ತೆ?"

ಅತ್ತೆ ಅದರ ಅಂಚನ್ನು ಬೆರಳಿನಿಂದ ಸವರಿದರು.

"ಇದನ್ನೂ ಒಂದಪ ಅದ್ದಿ ನೋಡವ್ವ," ಅಂದರು.

"ಬೆಳ್ಳಗೆ ಮಾಡಬೇಕಾ?"

"ಅದ್ದಿ ನೋಡು ಅಂದೆ. ಹೋದ್ರೆ ಹೋಗ್ಲಿ. ಹೋಗ್ದಿದ್ರೆ..."

ಬಸ್ಸಿಗೆ ಹೊತ್ತಾಯಿತು ಅಂತ ಸೆರಗು ಸರ್ರನೆ ಎಳೆದುಕೊಂಡು ಹೊರಟೇಬಿಟ್ಟರು. ಬೀದಿಯ ತಿರುವಿನಲ್ಲಿ ಒಂದು ಸಲ ನಿಂತು ಹಿಂದಿರುಗಿ ನೋಡಿದರು. ನನ್ನನ್ನಲ್ಲ, ನನ್ನ ಕೈಯಲ್ಲಿದ್ದ ಸೀರೆಯನ್ನು.

ಈಗ ಆ ಸೀರೆ ನನ್ನ ಮುಂದಿದೆ, ಹಿತ್ತಿಲಲ್ಲಿ ಬಕೆಟ್ ಇಟ್ಟಿದ್ದೇನೆ. ನೀವೇ ಹೇಳಿ, ಅದಕ್ಕೆ ನಾನು ಪೌಡರ್ ಹಾಕಲೋ, ಬರೀ ನೀರು ತುಂಬಿಸಲೋ?